ಬೆಂಕಿಗೆ ದಕ್ಕದ ಪುಟ್ಟ ರೈಲು

1973ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮಾಂಟೆರೆ ಎಂಬ ಕಡಲತೀರದ ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಮನೆಯ ಯಜಮಾನ ಜಾನ್ ಅಲೆನ್ ಹೃದಯಾಘಾತದಿಂದ ತೀರಿಕೊಂಡು ಆಗ ಹತ್ತೇ ದಿನಗಳಾಗಿದ್ದವು. ಆ ಮನೆಯ ನೆಲಮಾಳಿಗೆಯಲ್ಲಿ ಅವರು ಸುಮಾರು ಇಪ್ಪತ್ತು ವರ್ಷ ಕೈಯಾರೆ ಕಟ್ಟಿದ ಒಂದು ರೈಲ್ವೆ ಇತ್ತು. ನೆಲದಿಂದ ಸೂರಿನವರೆಗೆ ಎದ್ದು ನಿಂತ ಪರ್ವತಗಳು, ಕಮರಿಗಳ ಮೇಲೆ ಹಾದುಹೋಗುವ ಸೇತುವೆಗಳು, ಊರುಗಳು, ಮಸಿ ಹಿಡಿದ ಎಂಜಿನ್ ಶೆಡ್ಡು, ಎಲ್ಲವೂ ನಿಜವಾದ ಗಾತ್ರದ 87ರಲ್ಲಿ ಒಂದು ಪಾಲು. ಆ ರೈಲ್ವೆಗೆ ಅವರು ಇಟ್ಟಿದ್ದ ಹೆಸರು ‘ಗೋರಿ ಅಂಡ್ ಡಿಫೀಟೆಡ್’ ಎಂದು ಕೇಳಿಸುವಂಥದ್ದು. ರಕ್ತ ಸುರಿಸಿ ಸೋತದ್ದು ಎಂಬುದು ಅದರ ಚೇಷ್ಟೆಯ ಅರ್ಥ. ಬೆಂಕಿ ಆ ಪರ್ವತಗಳನ್ನೂ ಸೇತುವೆಗಳನ್ನೂ ನುಂಗಿತು.

ಈ ಘಟನೆ ನಡೆದು ಅರ್ಧ ಶತಮಾನ ಕಳೆದಿದೆ. ಆದರೂ ಮಾದರಿ ರೈಲುಗಳನ್ನು ಕಟ್ಟುವ ಹವ್ಯಾಸಿಗಳ ಕೈಕೆಲಸದಲ್ಲಿ ಇಂದಿಗೂ ಅಲೆನ್ ಅವರ ಗುರುತು ಕಾಣುತ್ತದೆ. ಕಾರಣ ಸರಳವಾದದ್ದು. ತಮಗೆ ತಿಳಿದುದನ್ನು ಅವರು ಬದುಕಿರುವಾಗಲೇ ಬರೆದು, ಛಾಯಾಚಿತ್ರ ತೆಗೆದು, ಕಂಡವರಿಗೆಲ್ಲ ಹಂಚಿಬಿಟ್ಟಿದ್ದರು. ಬೆಂಕಿ ಬೀಳುವ ಹೊತ್ತಿಗೆ ಅವರ ವಿದ್ಯೆ ಆ ನೆಲಮಾಳಿಗೆಯನ್ನು ಬಿಟ್ಟು ಸಾವಿರಾರು ಮನೆಗಳಲ್ಲಿ ನೆಲೆಸಿಯಾಗಿತ್ತು. ಆಡಳಿತ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನ್ನಂಥವನಿಗೆ ಈ ಸಂಗತಿ ಹವ್ಯಾಸದ ಕಥೆಯಾಗಿ ಮಾತ್ರ ಕಾಣಲಿಲ್ಲ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಾದರಿ ರೈಲು ಎಂದೊಡನೆ ಮಕ್ಕಳ ಆಟಿಕೆ ಎಂದು ಭಾವಿಸುವುದು ಸಹಜ. ಆದರೆ ನಮ್ಮ ಹಳೆ ಮೈಸೂರು ಸೀಮೆಯವರಿಗೆ ಇದರ ಸ್ವಾರಸ್ಯ ಸುಲಭವಾಗಿ ಹಿಡಿಯುತ್ತದೆ. ದಸರೆಗೆ ಬೊಂಬೆ ಕೂರಿಸುವಾಗ ಮೆಟ್ಟಿಲುಗಳ ಪಕ್ಕದಲ್ಲಿ ‘ಪಾರ್ಕು’ ಕಟ್ಟುವ ಪದ್ಧತಿ ಅನೇಕ ಮನೆಗಳಲ್ಲಿದೆ. ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಅದು ಹಸಿರು ಹೊಲ. ಮುಖ ನೋಡುವ ಕನ್ನಡಿಯನ್ನು ಅಂಗಾತ ಮಲಗಿಸಿ ಅಂಚಿಗೆ ಮರಳು ಸುರಿದರೆ ಅದೇ ಕೆರೆ. ಅದರ ಸುತ್ತ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು. ಅಲೆನ್ ಅವರೂ ಕನ್ನಡಿಗಳನ್ನೇ ಬಳಸುತ್ತಿದ್ದರು. ಬೆಟ್ಟದ ಮರೆಯಲ್ಲಿ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ ಚಿಕ್ಕ ಕಣಿವೆಯನ್ನು ಉದ್ದವಾಗಿ ತೋರಿಸುವುದು ಅವರ ಪ್ರಸಿದ್ಧ ಉಪಾಯಗಳಲ್ಲೊಂದು. ನಮ್ಮ ಪಾರ್ಕು ಹತ್ತು ದಿನಗಳದ್ದು, ಅವರದು ಇಪ್ಪತ್ತು ವರ್ಷಗಳದ್ದು. ದೊಡ್ಡ ಜಗತ್ತನ್ನು ಚಿಕ್ಕದು ಮಾಡಿ ಕಣ್ಣಳತೆಯಲ್ಲಿ ಇರಿಸಿಕೊಳ್ಳುವ ಆಸೆ ಎರಡರಲ್ಲೂ ಒಂದೇ.

ಈ ಹವ್ಯಾಸದಲ್ಲಿ ಅಳತೆಯೇ ಎಲ್ಲಕ್ಕೂ ಮೊದಲು. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಪ್ರಮಾಣದಲ್ಲಿ ನಿಜವಾದ ವಸ್ತುವಿನ 87ರಲ್ಲಿ ಒಂದು ಭಾಗದಷ್ಟು ಗಾತ್ರ. 20 ಮೀಟರ್ ಉದ್ದದ ಬೋಗಿ ಇಲ್ಲಿ 23 ಸೆಂಟಿಮೀಟರ್ ಆಗುತ್ತದೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಮನೆಯಲ್ಲಿ ಜಾಗ ಕಡಿಮೆಯಿದ್ದವರಿಗೆ ‘ಎನ್’ ಪ್ರಮಾಣವಿದೆ; ಅದರಲ್ಲಿ ಹಳಿಗಳ ಅಂತರ ಕೇವಲ 9 ಮಿಲಿಮೀಟರ್. ಹಳಿ, ಊರು, ಬೆಟ್ಟ ಎಲ್ಲವೂ ಸೇರಿದ ಇಡೀ ರಚನೆಯನ್ನು ಅವರು ‘ಲೇಔಟ್’ ಎನ್ನುತ್ತಾರೆ. ಬೆಂಗಳೂರಿನವರಾದ ನಮಗೆ ಆ ಪದ ಕೇಳಿದರೆ ನಿವೇಶನವೂ ನೋಂದಣಿಯೂ ನೆನಪಾಗುತ್ತವೆ. ಅವರ ಲೇಔಟಿನಲ್ಲಿ ಒತ್ತುವರಿಯ ತಂಟೆಯಿಲ್ಲ; ಹೆಚ್ಚೆಂದರೆ ಮನೆಯಾಕೆಯ ಬಟ್ಟೆ ಒಗೆಯುವ ಯಂತ್ರದ ಜಾಗಕ್ಕೆ ಕೈಹಾಕಿರುತ್ತಾರೆ.

ಅಲೆನ್ ವೃತ್ತಿಯಿಂದ ಛಾಯಾಗ್ರಾಹಕರು. ಅವರ ಕಾಲದವರೆಗೆ ಮಾದರಿ ಎಂಜಿನ್ನುಗಳು ಅಂಗಡಿಯಿಂದ ತಂದ ದಿನದಂತೆಯೇ ಮಿರುಗುತ್ತಿದ್ದವು. ನಿಜವಾದ ರೈಲು ಹಾಗಿರುವುದಿಲ್ಲ ಎಂಬುದನ್ನು ಅವರ ಕಣ್ಣು ಗುರುತಿಸಿತು. ತೆಳುವಾದ ಬಣ್ಣದ ನೀರು, ಬಣ್ಣದ ಸುಣ್ಣದ ಕಡ್ಡಿಯ ಪುಡಿ ಮುಂತಾದವುಗಳಿಂದ ಎಂಜಿನ್ನುಗಳಿಗೆ ಮಸಿ, ತುಕ್ಕು, ಧೂಳು, ಮಳೆಯ ಕಲೆಗಳನ್ನು ತರುವ ಕ್ರಮವನ್ನು ಅವರು ಜನಪ್ರಿಯಗೊಳಿಸಿದರು. ಹೊಸದನ್ನು ಹಳೆಯದು ಮಾಡುವ ಈ ಕೆಲಸ ಇಂದು ಈ ಹವ್ಯಾಸದ ಪ್ರತ್ಯೇಕ ಕಲೆಯಾಗಿ ಬೆಳೆದಿದೆ. ಅವರು ತೆಗೆದ ಚಿತ್ರಗಳೂ ಬರೆದ ವಿವರಣೆಗಳೂ ‘ಮಾಡೆಲ್ ರೈಲ್‌ರೋಡರ್’ನಂಥ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದವು. ಅದೇ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವರು ಅಲೆನ್ ಕುರಿತು ಸಿದ್ಧಪಡಿಸಿದ ಪುಸ್ತಕ 1981ರಲ್ಲಿ ಹೊರಬಂತು. ಸುಟ್ಟುಹೋದ ರೈಲ್ವೆಯನ್ನು ಮುಂದಿನ ತಲೆಮಾರು ಕಂಡದ್ದು ಆ ಪುಟಗಳಲ್ಲಿ.

ಆ ಪತ್ರಿಕೆಯ ಹುಟ್ಟೂ ಗಮನಾರ್ಹವಾದುದು. ಅಲ್ ಕಾಂಬಾಕ್ ಎಂಬುವರು ಅದನ್ನು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ 1934ರ ಜನವರಿಯಲ್ಲಿ ಆರಂಭಿಸಿದರು. ಅಮೆರಿಕವು ಮಹಾ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲ ಅದು. ಕೆಲಸ ಕಳೆದುಕೊಂಡವರ ಸಾಲು ಬೀದಿಯಲ್ಲಿ ನಿಂತಿದ್ದಾಗ ಆಟದ ರೈಲಿನ ಪತ್ರಿಕೆ ತೆಗೆಯುವುದು ಯಾವ ಅರ್ಥಶಾಸ್ತ್ರದ ಲೆಕ್ಕಕ್ಕೂ ಸಿಗದ ಸಾಹಸ. ಆದರೆ ಪತ್ರಿಕೆ ಬದುಕಿತು. ಅದರ ಹೂರಣದ ಬಹುಭಾಗವನ್ನು ಒದಗಿಸಿದವರು ಓದುಗರೇ. ಒಬ್ಬರು ಮರ ಮಾಡುವ ಬಗೆ ಬರೆದರೆ ಇನ್ನೊಬ್ಬರು ಸಿಗ್ನಲ್ ದೀಪ ಜೋಡಿಸುವ ಬಗೆ ಬರೆಯುತ್ತಿದ್ದರು. ವೆಸ್ಟ್‌ಕಾಟ್ ಅವರೇ ಲೇಔಟಿನ ಕೆಳಗಿನ ಮರದ ಚೌಕಟ್ಟನ್ನು ಸುಲಭವಾಗಿ ಕಟ್ಟುವ ವಿಧಾನವನ್ನೂ, ಕಾಗದದ ಟವೆಲ್ಲುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಹೊದಿಸಿ ಹಗುರವಾದ ಬೆಟ್ಟ ಮಾಡುವ ವಿಧಾನವನ್ನೂ ಬಳಕೆಗೆ ತಂದರು. ಮೂಲ ಪ್ರಕಾಶಕರ ಕೈಯಲ್ಲೇ ಒಂಬತ್ತು ದಶಕ ನಡೆದ ಆ ಪತ್ರಿಕೆ 2024ರಲ್ಲಿ ಬೇರೊಂದು ಸಂಸ್ಥೆಗೆ ಮಾರಾಟವಾಯಿತು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಅದೇ ವಿಸ್ಕಾನ್ಸಿನ್‌ಗೆ ಹೋಗಿದ್ದಾಗ ಈ ಲೋಕವನ್ನು ನಾನು ಹತ್ತಿರದಿಂದ ನೋಡಿದೆ. ಹೊರಗೆ ಮೊಣಕಾಲುದ್ದ ಹಿಮ. ಪಕ್ಕದ ಮನೆಯ ಹಿರಿಯರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ನನ್ನ ಬೇಸರವನ್ನು ಕಂಡು ತಮ್ಮ ನೆಲಮಾಳಿಗೆಗೆ ಕರೆದರು. ಅಲ್ಲಿ ವಾರಕ್ಕೊಂದು ಸಂಜೆ ಆರೇಳು ಮಂದಿ ಗೆಳೆಯರು ಸೇರಿ ರೈಲು ಓಡಿಸುತ್ತಿದ್ದರು. ಸುಮ್ಮನೆ ಸುತ್ತು ಹಾಕಿಸುವುದಲ್ಲ, ವೇಳಾಪಟ್ಟಿಯಂತೆ ನಡೆಸುವುದು. ಗೋಡೆಯ ಮೇಲೆ ಆರು ಪಟ್ಟು ವೇಗದಲ್ಲಿ ಓಡುವ ಗಡಿಯಾರವಿತ್ತು. ಪ್ರತಿ ವ್ಯಾಗನ್ನಿಗೂ ಒಂದು ಚೀಟಿ: ಯಾವ ಊರಿನಿಂದ, ಯಾವ ಸರಕು, ಯಾವ ಕಾರ್ಖಾನೆಗೆ. ಜಿಲ್ಲೆಯನ್ನೇ ನಡೆಸಿದವನೆಂಬ ಹೆಮ್ಮೆಯಿಂದ ಒಂದು ನಿಲ್ದಾಣದ ಹೊಣೆ ಹೊತ್ತ ನಾನು ಅರ್ಧ ಗಂಟೆಯೊಳಗೆ ಕಲ್ಲಿದ್ದಲಿನ ವ್ಯಾಗನ್ನನ್ನು ಹಾಲಿನ ಡೇರಿಗೆ ಕಳುಹಿಸಿಬಿಟ್ಟಿದ್ದೆ. ಯಾರೂ ನಗಲಿಲ್ಲ. ಒಬ್ಬರು ಬಂದು, ಚೀಟಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿಕೊಂಡರೆ ಆ ತಪ್ಪು ಆಗುವುದಿಲ್ಲವೆಂದು ತೋರಿಸಿಕೊಟ್ಟರು.

ಇನ್ನೊಂದು ದಿನ ಅವರು ಹಳಿಯ ಕೆಳಗೆ ಜಲ್ಲಿ ಕೂರಿಸುತ್ತಿದ್ದರು. ರವೆಯಷ್ಟು ಸಣ್ಣ ಕಲ್ಲುಪುಡಿಯನ್ನು ಹಳಿಗಳ ನಡುವೆ ಹರಡಿ, ನಮ್ಮ ಬಡಗಿಗಳು ಬಳಸುವಂಥ ಬಿಳಿ ಅಂಟನ್ನು ನೀರಿನಲ್ಲಿ ತೆಳುಮಾಡಿ ಅದರ ಮೇಲೆ ಹನಿಸಬೇಕು. ನಾನು ಹನಿಸಿದಾಗ ಅಂಟು ಮುತ್ತಿನಂತೆ ದುಂಡಗಾಗಿ ನಿಂತು ಜಲ್ಲಿಯನ್ನೆಲ್ಲ ಚೆದುರಿಸಿತು. ಅವರು ಅದೇ ಅಂಟಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ ಮತ್ತೆ ಹನಿಸಿದರು. ಈಗ ಅದು ಕಲ್ಲುಗಳ ನಡುವೆ ಸದ್ದಿಲ್ಲದೆ ಇಳಿದುಹೋಯಿತು. ದ್ರವದ ಮೇಲ್ಮೈ ಎಳೆತವನ್ನು ಸೋಪು ಕಡಿಮೆ ಮಾಡುತ್ತದೆ ಎಂಬುದು ಶಾಲೆಯ ಪಾಠ. ಆದರೆ ಜಲ್ಲಿಗೆ ಆ ಪಾಠವನ್ನು ಹೊಂದಿಸಲು ಯಾರೋ ಒಬ್ಬರು ಸಾಕಷ್ಟು ಸಲ ಸೋತಿರಬೇಕು. ಸೋತು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಪ್ರತಿಯೊಬ್ಬ ಹೊಸಬನೂ ಅಷ್ಟೇ ಸಲ ಸೋಲಬೇಕಿತ್ತು.

ಆ ಹಿರಿಯರ ಬಳಿ ಒಂದು ದಪ್ಪ ನೋಟ್‌ಬುಕ್ ಇತ್ತು. ಕಲಿತ ಪ್ರತಿ ಉಪಾಯದ ಎದುರಿಗೆ ಅದು ಯಾರಿಂದ ಬಂದದ್ದು ಎಂದು ಬರೆದಿದ್ದರು. ಕೆಲವೆಡೆ ಪತ್ರಿಕೆಯ ಸಂಚಿಕೆ, ಕೆಲವೆಡೆ ಗೆಳೆಯರ ಹೆಸರು. ಅದನ್ನು ನಕಲು ಮಾಡಿಕೊಳ್ಳಬಹುದೇ ಎಂದು ಕೇಳಿದಾಗ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀವು ನಕಲು ಮಾಡಿಕೊಳ್ಳದಿದ್ದರೆ ಬರೆದಿಟ್ಟದ್ದಾದರೂ ಏತಕ್ಕೆ ಎಂದರು.

ಹಂಚಿಕೊಳ್ಳುವುದು ಒಳ್ಳೆಯ ಮನಸ್ಸಿನಿಂದ ಮಾತ್ರ ಸಾಧ್ಯವಾಗುವುದಿಲ್ಲ. ಅದಕ್ಕೆ ಸಾಮಾನ್ಯವಾದ ಅಳತೆಯೂ ಬೇಕು. 1930ರ ದಶಕದ ಆರಂಭದಲ್ಲಿ ಒಬ್ಬ ತಯಾರಕನ ಗಾಲಿ ಇನ್ನೊಬ್ಬನ ಹಳಿಯ ಮೇಲೆ ನೆಟ್ಟಗೆ ಓಡುತ್ತಿರಲಿಲ್ಲ. 1935ರಲ್ಲಿ ಮಿಲ್ವಾಕಿಯಲ್ಲಿ ಸೇರಿದ ಹವ್ಯಾಸಿಗಳು ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಗಾಲಿಯ ಅಂಚು ಎಷ್ಟು, ಹಳಿಗಳ ಅಂತರ ಎಷ್ಟು, ಹಳಿ ಕವಲೊಡೆಯುವಲ್ಲಿ ಬಿಡಬೇಕಾದ ಸಂದು ಎಷ್ಟು ಎಂಬ ಮಾನಕಗಳನ್ನು ಆ ಸಂಘ ರೂಪಿಸಿತು. ಅಂಗೈಯಗಲದ ಲೋಹದ ಅಳತೆಪಟ್ಟಿಯೊಂದನ್ನು ಹಳಿಯ ಮೇಲಿಟ್ಟರೆ ಸರಿ ತಪ್ಪು ತಿಳಿಯುತ್ತದೆ. ಇದರ ಹಿಂದೆ ಸರ್ಕಾರದ ಆದೇಶವಿರಲಿಲ್ಲ, ದಂಡವಿರಲಿಲ್ಲ. ಅಳತೆ ತಪ್ಪಿದ ರೈಲು ಗೆಳೆಯನ ಮನೆಯಲ್ಲಿ ಹಳಿ ತಪ್ಪುತ್ತದೆ ಎಂಬ ಒಂದೇ ಶಿಕ್ಷೆ ಸಾಕಾಯಿತು.

ಅಳತೆಯಲ್ಲಿ ಒಮ್ಮೆ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಉದಾಹರಣೆ. ಅಲ್ಲಿನ ರೈಲು ಎಂಜಿನ್ನುಗಳು ಯೂರೋಪಿನ ಉಳಿದ ದೇಶಗಳವುಗಳಿಗಿಂತ ಚಿಕ್ಕವು. ಅಂದಿನ ವಿದ್ಯುತ್ ಮೋಟಾರುಗಳು 87ರಲ್ಲಿ ಒಂದು ಪಾಲಿನ ಬ್ರಿಟಿಷ್ ಎಂಜಿನ್ನಿನೊಳಗೆ ಹಿಡಿಸುತ್ತಿರಲಿಲ್ಲ. ಹೀಗಾಗಿ ಎಂಜಿನ್ನನ್ನು 76ರಲ್ಲಿ ಒಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ ಹಳೆಯ 16.5 ಮಿಲಿಮೀಟರಿನಲ್ಲೇ ಉಳಿಸಿಕೊಂಡರು. ಲೆಕ್ಕದಂತೆ ಅದು 18.83 ಮಿಲಿಮೀಟರ್ ಇರಬೇಕಿತ್ತು. ಮುಂದೆ ಮೋಟಾರುಗಳು ಕಿರಿದಾದವು; ಕಾರಣ ಮಾಯವಾಯಿತು; ತಪ್ಪು ಮಾತ್ರ ಉಳಿಯಿತು. ಅಷ್ಟರಲ್ಲಿ ಲಕ್ಷಾಂತರ ಮನೆಗಳಲ್ಲಿ ಆ ಹಳಿ ಹಾಸಿಯಾಗಿತ್ತು. ಸರಿಯಾದ ಅಳತೆಯಲ್ಲೇ ಕಟ್ಟುತ್ತೇವೆಂದು ಹಟ ಹಿಡಿದವರು ಇಂದಿಗೂ ಅಲ್ಪಸಂಖ್ಯಾತರು. ಆರಂಭದ ಆಯ್ಕೆ ಮುಂದಿನ ದಾರಿಯನ್ನು ಕಟ್ಟಿಹಾಕುತ್ತದೆ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದನ್ನೇ.

ನಿಜವಾದ ರೈಲಿನಲ್ಲಿ ಈ ಪಾಠವನ್ನು ನಾವು ದೊಡ್ಡ ಬೆಲೆ ತೆತ್ತು ಕಲಿತಿದ್ದೇವೆ. 1850ರ ದಶಕದಲ್ಲಿ ಐದೂವರೆ ಅಡಿಯ ಬ್ರಾಡ್‌ಗೇಜ್, 1870ರ ದಶಕದಿಂದ ಖರ್ಚು ಉಳಿಸಲೆಂದು ಮೀಟರ್‌ಗೇಜ್. ಎರಡೂ ಕೂಡುವ ಜಂಕ್ಷನ್ನುಗಳಲ್ಲಿ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರುವ ಹಮಾಲರ ಬೆನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಆ ಉಳಿತಾಯದ ಲೆಕ್ಕವನ್ನು ಹೊತ್ತಿತು. ಬೆಂಗಳೂರು–ಮೈಸೂರು ನಡುವಿನ ಮೀಟರ್‌ಗೇಜ್ ಪ್ರಯಾಣ ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಗೇಜುಗಳನ್ನು ಒಂದಾಗಿಸುವ ರಾಷ್ಟ್ರೀಯ ಯೋಜನೆ ಆರಂಭವಾದದ್ದು 1992ರಲ್ಲಿ.

ಒಪ್ಪಂದ ಎಲ್ಲಿ ಬೇಕು, ಸ್ವಾತಂತ್ರ್ಯ ಎಲ್ಲಿ ಬೇಕು ಎಂಬುದನ್ನು ಹವ್ಯಾಸಿಗಳು ಅಚ್ಚುಕಟ್ಟಾಗಿ ಬಗೆಹರಿಸಿದ್ದಾರೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಎನ್‌ಟ್ರ್ಯಾಕ್’ ಎಂಬ ಪದ್ಧತಿ ಹುಟ್ಟಿತು. ಒಬ್ಬೊಬ್ಬರೂ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಒಂದೊಂದು ತುಣುಕನ್ನು ಮನೆಯಲ್ಲಿ ಕಟ್ಟುತ್ತಾರೆ. ಅದರ ಮೇಲೆ ಮರುಭೂಮಿಯೋ, ಹಿಮವೋ, ಊರ ಸಂತೆಯೋ, ಅದು ಅವರವರ ಇಷ್ಟ. ಮೂರು ಮುಖ್ಯ ಹಳಿಗಳು ತುಣುಕಿನ ಎರಡೂ ತುದಿಗಳಲ್ಲಿ ಗೊತ್ತುಪಡಿಸಿದ ಜಾಗದಲ್ಲೇ ಹೊರಬರಬೇಕೆಂಬುದು ಕಡ್ಡಾಯ. ನೂರಾರು ಮೈಲಿ ದೂರದಿಂದ ಬಂದವರು ಒಂದು ಸಭಾಂಗಣದಲ್ಲಿ ತಮ್ಮ ತುಣುಕುಗಳನ್ನು ಜೋಡಿಸಿದರೆ ಹಿಂದೆಂದೂ ಇಲ್ಲದಿದ್ದ ಒಂದು ಉದ್ದನೆಯ ರೈಲುಮಾರ್ಗ ಸಿದ್ಧವಾಗುತ್ತದೆ. ಒಕ್ಕೂಟ ವ್ಯವಸ್ಥೆಯ ಬಗ್ಗೆ ನಾನು ಓದಿದ ಅನೇಕ ವರದಿಗಳಿಗಿಂತ ಈ ಹಲಗೆ ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮೇಜಿನ ಮೇಲಿನ ಕಥೆ. ಮೇಜಿನ ಕೆಳಗಿನ ತಂತಿಗಳದು ಇನ್ನೊಂದು ಕಥೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ಮಾದರಿ ರೈಲುಗಳ ವಿದ್ಯಾರ್ಥಿ ಕ್ಲಬ್ಬೊಂದು ಆರಂಭವಾಯಿತು. ಅದರಲ್ಲಿ ಕೆಲವರಿಗೆ ಎಂಜಿನ್ನು, ಊರು, ಬೆಟ್ಟಗಳ ಮೋಹ; ಇನ್ನು ಕೆಲವರಿಗೆ ರೈಲುಗಳನ್ನು ನಿಯಂತ್ರಿಸುವ ಸ್ವಿಚ್ಚು, ಟೆಲಿಫೋನ್ ರಿಲೇಗಳ ಮೋಹ. ಜಾಣ್ಮೆಯ ತಾಂತ್ರಿಕ ಕೈಚಳಕವನ್ನು ಈ ಎರಡನೆಯ ಗುಂಪಿನವರು ‘ಹ್ಯಾಕ್’ ಎಂದು ಕರೆಯುತ್ತಿದ್ದರು. ಮುಂದೆ ಅವರು ಸಂಸ್ಥೆಯ ಕಂಪ್ಯೂಟರುಗಳತ್ತ ಹೊರಳಿದರು. ತಾವು ಬರೆದ ಪ್ರೋಗ್ರಾಮುಗಳನ್ನು ಯಾರು ಬೇಕಾದರೂ ತೆಗೆದುಕೊಂಡು ಉತ್ತಮಪಡಿಸಲೆಂದು ತೆರೆದಿಡುತ್ತಿದ್ದರು. ಇಂದು ನಾವು ಮುಕ್ತ ತಂತ್ರಾಂಶ ಎನ್ನುವ ಪದ್ಧತಿಯ ಒಂದು ಬೇರು ಆ ರೈಲಿನ ಮೇಜಿನ ಕೆಳಗಿದೆ. ಸ್ಟೀವನ್ ಲೆವಿ ಅವರು ಹ್ಯಾಕರ್‌ಗಳ ಕುರಿತು 1984ರಲ್ಲಿ ಪ್ರಕಟಿಸಿದ ಪುಸ್ತಕ ಈ ಕ್ಲಬ್ಬಿನಿಂದಲೇ ಆರಂಭವಾಗುತ್ತದೆ.

ಆ ಬೇರಿಗೂ ರೈಲಿಗೂ ಮತ್ತೊಮ್ಮೆ ನಂಟು ಬೆಳೆದದ್ದು ನ್ಯಾಯಾಲಯದಲ್ಲಿ. ಹಿಂದೆ ಹಳಿಗೆ ಹರಿಸುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ರೈಲು ಓಡಿಸುತ್ತಿದ್ದರು. 1990ರ ದಶಕದಲ್ಲಿ ಹವ್ಯಾಸಿಗಳ ಸಂಘವು ಜರ್ಮನಿಯ ಲೆನ್ಸ್ ಸಂಸ್ಥೆಯ ವಿಧಾನವನ್ನು ಆಧರಿಸಿ ಡಿಜಿಟಲ್ ನಿಯಂತ್ರಣದ ಮುಕ್ತ ಮಾನಕವನ್ನು ಅಂಗೀಕರಿಸಿತು. ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ. ಹಳಿಯ ಮೂಲಕವೇ ಅದಕ್ಕೆ ಆಜ್ಞೆ. ಇದಕ್ಕೆ ಬೇಕಾದ ಉಚಿತ ತಂತ್ರಾಂಶವೊಂದನ್ನು ಬರ್ಕಲಿಯ ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸನ್ ಮತ್ತು ಇತರ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಬರೆದರು. ಒಂದು ಖಾಸಗಿ ಸಂಸ್ಥೆ ತನ್ನ ಪೇಟೆಂಟ್ ಉಲ್ಲಂಘನೆಯಾಗಿದೆಯೆಂದು ಅವರಿಗೆ ಎರಡು ಲಕ್ಷ ಡಾಲರಿಗೂ ಮೀರಿದ ಬಿಲ್ಲು ಕಳುಹಿಸಿತು. ಅದೇ ಸಂಸ್ಥೆ ಇವರ ಕಡತಗಳನ್ನು, ಬರೆದವರ ಹೆಸರು ಅಳಿಸಿ, ತನ್ನ ಸರಕಿನಲ್ಲಿ ಬಳಸಿಕೊಂಡಿತ್ತು. 2006ರಲ್ಲಿ ಜೇಕಬ್‌ಸನ್ ನ್ಯಾಯಾಲಯದ ಮೊರೆ ಹೊಕ್ಕರು.

ಉಚಿತವಾಗಿ ಕೊಟ್ಟದ್ದಕ್ಕೆ ಷರತ್ತು ವಿಧಿಸಬಹುದೇ ಎಂಬುದು ಪ್ರಶ್ನೆ. ಕೆಳಗಿನ ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. 2008ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ, ಮೂಲ ಲೇಖಕರ ಹೆಸರು ಉಳಿಸಬೇಕು, ಮಾಡಿದ ಬದಲಾವಣೆಯನ್ನು ತಿಳಿಸಬೇಕು ಎಂಬಂಥ ಷರತ್ತುಗಳನ್ನು ಕೃತಿಸ್ವಾಮ್ಯ ಕಾನೂನಿನಡಿ ಜಾರಿಗೊಳಿಸಬಹುದೆಂದು ಹೇಳಿತು. ಹಣ ಕೈಬದಲಾಗಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಆರ್ಥಿಕ ಮೌಲ್ಯವಿಲ್ಲವೆಂದು ಭಾವಿಸಬಾರದೆಂಬುದು ತೀರ್ಪಿನ ಮುಖ್ಯ ಅಂಶ. 2010ರಲ್ಲಿ ಎದುರಾಳಿ ಒಂದು ಲಕ್ಷ ಡಾಲರ್ ಕೊಡಲೊಪ್ಪಿ ಪ್ರಕರಣ ರಾಜಿಯಾಯಿತು. ಮುಕ್ತ ತಂತ್ರಾಂಶದ ಲೋಕವು ಇಂದಿಗೂ ಆಧಾರವಾಗಿ ಉಲ್ಲೇಖಿಸುವ ತೀರ್ಪನ್ನು ಆಟದ ರೈಲಿನವರು ಗಳಿಸಿಕೊಟ್ಟರು. ಅವರು ಕೇಳಿದ್ದು ಬೆಲೆಯನ್ನಲ್ಲ, ಹೆಸರನ್ನು. ವಿಸ್ಕಾನ್ಸಿನ್ನಿನ ಆ ನೋಟ್‌ಬುಕ್ಕಿನಲ್ಲಿ ಪ್ರತಿ ಉಪಾಯದ ಎದುರಿಗೆ ಬರೆದಿದ್ದುದೂ ಅದನ್ನೇ.

ಇದೆಲ್ಲವೂ ಸುವರ್ಣಯುಗದ ಕಥೆಯೆಂದು ಹೇಳುವ ಉದ್ದೇಶ ನನ್ನದಲ್ಲ. ಹವ್ಯಾಸ ದುಬಾರಿಯಾದದ್ದು, ನಾನು ನೋಡಿದ ನೆಲಮಾಳಿಗೆಯಲ್ಲಿ ಇದ್ದವರೆಲ್ಲ ಗಂಡಸರು, ಅದರಲ್ಲೂ ನರೆಗೂದಲಿನವರು. ಹಂಚಿದ್ದೆಲ್ಲ ಶ್ರೇಷ್ಠವೆಂದೂ ಅಲ್ಲ. ಬೋಗಿಗಳನ್ನು ಜೋಡಿಸುವ ಕೊಂಡಿಯ ವಿಷಯದಲ್ಲಿ ಸಂಘದ ಸಮಿತಿ ರೂಪಿಸಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ವಿನ್ಯಾಸಕ್ಕಿಂತ ‘ಕೇಡಿ’ ಎಂಬ ಖಾಸಗಿ ಕಂಪನಿಯ ಪೇಟೆಂಟ್ ಪಡೆದ ಕೊಂಡಿಯೇ ಉತ್ತಮವೆಂದು ಹವ್ಯಾಸಿಗಳು ಕೊನೆಗೆ ಒಪ್ಪಿದರು. ಪೇಟೆಂಟ್ ಅವಧಿ ಮುಗಿದ ಮೇಲೆ ಇತರರೂ ಅದೇ ಮಾದರಿಯನ್ನು ತಯಾರಿಸಿದರು. ಲಾಭದ ಆಸೆಗೂ ಇಲ್ಲಿ ಜಾಗವಿದೆ. ಆದರೆ ಅದು ನಿಂತಿರುವುದು ಪುಕ್ಕಟೆಯಾಗಿ ಹರಿದುಬಂದ ಅರಿವಿನ ನೆಲದ ಮೇಲೆ.

ನಾವು ವಿದ್ಯಾರ್ಥಿಗಳಾಗಿದ್ದಾಗ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಬಂಧದ ಪ್ರಭಾವ ದೊಡ್ಡದಿತ್ತು. ಎಲ್ಲರಿಗೂ ಸೇರಿದ ಗೋಮಾಳವನ್ನು ಎಲ್ಲರೂ ಮೇಯಿಸಿ ಹಾಳುಮಾಡುತ್ತಾರೆ ಎಂಬುದು ಅದರ ವಾದ. ಜನರು ತಾವೇ ನಿಯಮ ಮಾಡಿಕೊಂಡು ಸಾಮುದಾಯಿಕ ಸಂಪತ್ತನ್ನು ತಲೆಮಾರುಗಟ್ಟಲೆ ಕಾಪಾಡಬಲ್ಲರೆಂದು ನೀರಾವರಿ, ಮೀನುಗಾರಿಕೆ, ಅರಣ್ಯಗಳ ಉದಾಹರಣೆಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅರಿವಿನ ಗೋಮಾಳಕ್ಕೆ ಇನ್ನೂ ಒಂದು ಅನುಕೂಲವಿದೆ. ಎಷ್ಟು ಮೇಯಿಸಿದರೂ ಅಲ್ಲಿ ಹುಲ್ಲು ಕಡಿಮೆಯಾಗುವುದಿಲ್ಲ. ಅದು ಹಾಳಾಗುವುದು ಯಾರೂ ಬಿತ್ತದೆ ಹೋದಾಗ.

ನಮ್ಮ ದೇಶದಲ್ಲೂ ಈ ಹವ್ಯಾಸಿಗಳು ಇದ್ದಾರೆ. ಪುಣೆಯಲ್ಲಿ ಜೋಶಿ ಅವರ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಇದೆ. ನಮ್ಮ ಬ್ರಾಡ್‌ಗೇಜನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಹಳಿಗಳ ಅಂತರ 19 ಮಿಲಿಮೀಟರಿಗೂ ತುಸು ಹೆಚ್ಚಾಗಬೇಕು. ಆದರೆ ಮಾರುಕಟ್ಟೆಯಲ್ಲಿ ಸಿಗುವುದು 16.5ರ ಹಳಿ. ಭಾರತದ ಬೋಗಿಯನ್ನು ಪರದೇಶದ ಅಂತರದ ಮೇಲೆ ಓಡಿಸುವ ಈ ರಾಜಿಯನ್ನು ನಮ್ಮವರು ಒಪ್ಪಿಕೊಂಡು, ರಟ್ಟು, ಪ್ಲಾಸ್ಟಿಕ್ ಹಾಳೆಗಳಿಂದ ತಮ್ಮ ಬಾಲ್ಯದ ಬೋಗಿಗಳನ್ನು ತಾವೇ ಕಟ್ಟುತ್ತಾರೆ. ಕಟ್ಟುವ ಬಗೆಯನ್ನು ಪರಸ್ಪರ ಕಲಿಸುತ್ತಾರೆ. ಕೈಕೆಲಸವೆಂದರೆ ಓದದವರ ಪಾಲು ಎಂದು ಭಾವಿಸಿದ ನಮ್ಮ ಮಧ್ಯಮ ವರ್ಗಕ್ಕೆ ಇದೊಂದು ಆರೋಗ್ಯಕರ ವಿನಾಯಿತಿ.

ಈಗ ಆರಂಭದಲ್ಲಿ ಹೇಳುತ್ತೇನೆಂದ ಮಾತಿಗೆ ಬರುತ್ತೇನೆ. ಸೇವೆಯ ನಡುಗಾಲದಲ್ಲಿ ನಾನು ಬಯಲುಸೀಮೆಯ ಒಂದು ಜಿಲ್ಲೆಯಲ್ಲಿದ್ದಾಗ ತೀವ್ರ ಬರ ಬಂತು. ಎರಡು ಸಂಗತಿಗಳನ್ನು ಆಗ ಎಡವಿ ಬಿದ್ದು ಕಲಿತೆ. ನೀರಿನ ಟ್ಯಾಂಕರ್ ಬಂದುಹೋದದ್ದಕ್ಕೆ ಸಿಬ್ಬಂದಿಯ ಸಹಿಯ ಬದಲು ಬಿಂದಿಗೆ ಹಿಡಿದು ನಿಂತ ಇಬ್ಬರು ಹೆಂಗಸರ ಸಹಿಯನ್ನೋ ಹೆಬ್ಬೆಟ್ಟನ್ನೋ ಕೇಳಿದರೆ ಬಿಲ್ಲಿನಲ್ಲಿ ಟ್ರಿಪ್ಪುಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಜಾನುವಾರುಗಳಿಗೆ ಭತ್ತದ ಹುಲ್ಲನ್ನು ಮಾರ್ಚಿಯಲ್ಲಿ ಹುಡುಕದೆ ನಾಲಾ ಬಯಲಿನಲ್ಲಿ ಕೊಯ್ಲು ಮುಗಿಯುತ್ತಿದ್ದಂತೆಯೇ ಕೊಂಡಿಟ್ಟರೆ ಬಹಳ ಅಗ್ಗವಾಗುತ್ತದೆ. ಇವನ್ನು ಒಂದು ಡೈರಿಯಲ್ಲಿ ಬರೆದಿಟ್ಟೆ. ಬರ ನಿರ್ವಹಣೆಯಲ್ಲಿ ಪಳಗಿದ ಅಧಿಕಾರಿ ಎಂಬ ಹೆಸರೂ ಬಂತು.

ವರ್ಗಾವಣೆಯಾದಾಗ ಅಧಿಕಾರ ಹಸ್ತಾಂತರದ ಪಟ್ಟಿಗೆ ಸಹಿ ಹಾಕಿದೆ. ಅದರಲ್ಲಿ ಮೇಜು, ಕುರ್ಚಿ, ಬೀರುವಿನ ಕೀಲಿ, ವಾಹನ, ಗೋಡೆ ಗಡಿಯಾರ ಎಲ್ಲವೂ ಇದ್ದವು. ಡೈರಿ ಇರಲಿಲ್ಲ. ಯಾರೂ ಕೇಳಲಿಲ್ಲ ಎಂಬುದು ನಿಜ. ಕೊಡುವ ಮನಸ್ಸು ನನಗೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ನನಗೆ ಗೊತ್ತಿದ್ದುದು ಎಲ್ಲರಿಗೂ ಗೊತ್ತಾದರೆ ನನ್ನ ಹೆಸರಿಗೆ ಏನು ಉಳಿಯಿತು? ಮುಂದಿನ ಬರದಲ್ಲಿ ಅದೇ ಜಿಲ್ಲೆ ಬೇಸಿಗೆ ಕಾದ ಮೇಲೆ ದುಬಾರಿ ಬೆಲೆಗೆ ಹುಲ್ಲು ಕೊಂಡಿತು, ಅದೂ ಸಾಲಲಿಲ್ಲ ಎಂದು ಪತ್ರಿಕೆಯಲ್ಲಿ ಓದಿದೆ. ಆ ಕ್ಷಣದಲ್ಲಿ ನನ್ನೊಳಗೆ ಮೊದಲು ಮೂಡಿದ್ದು ಮರುಕವಲ್ಲ, ಒಂದು ಬಗೆಯ ಗುಟ್ಟಿನ ಹಿಗ್ಗು. ಆ ಹಿಗ್ಗಿನ ಬೆಲೆಯನ್ನು ತೆತ್ತವು ಮೂಕ ಪ್ರಾಣಿಗಳು. ನಿವೃತ್ತಿಯ ನಂತರ ಮನೆ ಬದಲಾಯಿಸುವಾಗ ಆ ಡೈರಿ ಹಳೆಯ ಕಾಗದಗಳೊಂದಿಗೆ ರದ್ದಿಗೆ ಹೋಯಿತು. ನನ್ನ ನೆಲಮಾಳಿಗೆಗೆ ಬೆಂಕಿ ಬೀಳುವ ಅಗತ್ಯವೂ ಇರಲಿಲ್ಲ.

ಆಡಳಿತದಲ್ಲಿ ಮಾತ್ರ ಹೀಗೆಂದು ಹೇಳಲಾರೆ. ಒಗ್ಗರಣೆಯ ಹದದಿಂದ ಹಿಡಿದು ಔಷಧಿ ಸಸ್ಯದ ಗುಣದವರೆಗೆ, ಕೈಗೆ ಹತ್ತಿದ ವಿದ್ಯೆಯನ್ನು ಮನೆತನದ ಗುಟ್ಟೆಂದು ಬಚ್ಚಿಟ್ಟು ಕೊನೆಗೆ ಅದನ್ನು ಚಿತೆಯವರೆಗೆ ಕೊಂಡೊಯ್ದವರು ನಮ್ಮಲ್ಲಿ ಕಡಿಮೆಯಿಲ್ಲ. ಕೊಟ್ಟಷ್ಟೂ ಬೆಳೆಯುವುದು ವಿದ್ಯೆ ಎಂದು ಬಾಯಲ್ಲಿ ಹೇಳುವವರೂ ನಾವೇ.

ಸರ್ಕಾರಕ್ಕೆ ನನ್ನ ಸಲಹೆ ಚಿಕ್ಕದು. ಅದಕ್ಕೆ ಆಯವ್ಯಯದಲ್ಲಿ ಹಣ ಬೇಕಿಲ್ಲ. ಪ್ರತಿ ಹಸ್ತಾಂತರದ ಪಟ್ಟಿಗೂ ಒಂದು ಹಾಳೆ ಸೇರಲಿ. ಈ ಕುರ್ಚಿಯಲ್ಲಿ ಕುಳಿತು ನಾನು ಕಲಿತದ್ದು ಇದು, ಎಡವಿದ್ದು ಇಲ್ಲಿ, ಇದನ್ನು ನನಗೆ ಹೇಳಿಕೊಟ್ಟವರು ಇಂಥವರು ಎಂದು ಅದರಲ್ಲಿ ಬರೆದಿರಲಿ. ಹೇಳಿಕೊಟ್ಟವರ ಹೆಸರಿನ ಜಾಗದಲ್ಲಿ ಕಾರ್ಯದರ್ಶಿಯೂ ಇರಬಹುದು, ಬಿಂದಿಗೆ ಹಿಡಿದು ನಿಂತ ಹೆಂಗಸೂ ಇರಬಹುದು. ಡೈರಿಯಲ್ಲಿದ್ದುದನ್ನು ನೆನಪಿನಿಂದ ತೆಗೆದು ಮತ್ತೆ ಬರೆಯಲು ನಾನು ಕುಳಿತಿದ್ದೇನೆ. ಎಷ್ಟೋ ಮರೆತುಹೋಗಿದೆ. ಹುಲ್ಲು ಮತ್ತು ಟ್ಯಾಂಕರಿನ ಸಂಗತಿಗಳನ್ನಂತೂ ಈಗ ಈ ಪುಟದಲ್ಲಿ ಹೇಳಿದ್ದಾಗಿದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.